ನೆರಳು ನೋಡಿ ಮೋಡ ಗುರುತಿಸುವುದು

ವಾಯುಗೋಳದ ಪಾಠ ಮಾಡುವ ನಮ್ಮ ಪ್ರಶಿಕ್ಷಣಾರ್ಥಿಗಳು ಕಪ್ಪುಹಲಗೆಯ ಮೇಲೆ ಮೊದಲು ಬಿಡಿಸುವುದು ಹತ್ತಿಯ ಉಂಡೆಯಂಥ ರಾಶಿ ಮೋಡವನ್ನು. ಹಲಸೂರು, ಶಿವಾಜಿನಗರದ ಶಾಲೆಗಳಲ್ಲಿ ನಾನು ವೀಕ್ಷಿಸಿದ ಬಹುಪಾಲು ಪಾಠಗಳು ಹೀಗೆಯೇ ಆರಂಭವಾದವು. ಆದರೆ ನವೆಂಬರ್, ಡಿಸೆಂಬರ್‌ನಲ್ಲಿ ಆ ಮಕ್ಕಳು ಎಷ್ಟೋ ದಿನ ತಲೆಯ ಮೇಲೆ ಕಾಣುವುದು ಆಕಾರವೇ ಇಲ್ಲದ ಬೂದು ಹೊದಿಕೆ. ಚಿತ್ರ ಬಿಡಿಸಲು ಬಾರದ ಈ ಮೋಡವನ್ನು ಕಲಿಸುವ ಸುಲಭ ಸಾಧನ ನೆರಳು.

ವಿಷಯಾಂಶ

ಈ ಹೊದಿಕೆಯ ಹೆಸರು ಆಲ್ಟೊಸ್ಟ್ರೇಟಸ್. ನಮ್ಮ ಉಷ್ಣವಲಯದಲ್ಲಿ ಮಧ್ಯಸ್ತರದ ಮೋಡಗಳು ಸುಮಾರು 2ರಿಂದ 8 ಕಿ.ಮೀ. ಎತ್ತರದಲ್ಲಿರುತ್ತವೆ. ಇದರಲ್ಲಿ ನೀರಹನಿಗಳೂ ಹಿಮಕಣಗಳೂ ಇರುತ್ತವೆ. ತೇವದ ಗಾಳಿ ವಿಶಾಲ ಪ್ರದೇಶದಲ್ಲಿ ನಿಧಾನವಾಗಿ ಮೇಲೇರಿ ತಣ್ಣಗಾದಾಗ ಪದರ ಮೋಡವಾಗುತ್ತದೆ. ಬಿಸಿಗಾಳಿ ಒಂದೆಡೆ ರಭಸದಿಂದ ಮೇಲೇರಿದರೆ ರಾಶಿ ಮೋಡವಾಗುತ್ತದೆ. ಮಳೆಯ ಸ್ವಭಾವ ಬೇರೆಯಾಗುವುದು ಇದರಿಂದಲೇ.

ಎರಡು ಸ್ಥಳೀಯ ಉದಾಹರಣೆ ಕೊಡಬಹುದು. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ತೀರಕ್ಕೆ ಬಂದಾಗ ಬೆಂಗಳೂರಿಗೂ ಮೋಡ ಕವಿದು, ಬಿಸಿಲಿಲ್ಲದೆ ಜಿಟಿಜಿಟಿ ಮಳೆ ಹಿಡಿಯಿತು. 2025ರ ಮೇ ತಿಂಗಳಲ್ಲಿ ಕೆ.ಆರ್.ಪುರ ಕಡೆಯ ಹೊರಮಾವು ಸಾಯಿ ಲೇಔಟ್‌ಗೆ ನೀರು ನುಗ್ಗಿದ್ದು ಮುಂಗಾರುಪೂರ್ವದ ಬಿರುಮಳೆಯಿಂದ. ತಗ್ಗಿನ ಮನೆಗಳಿಂದ ಬರುವ ಮಕ್ಕಳಿಗೆ ಈ ವ್ಯತ್ಯಾಸ ಬರೀ ಪರೀಕ್ಷೆಯ ಉತ್ತರವಲ್ಲ.

ಚಟುವಟಿಕೆ

ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು, ಹತ್ತು ದಿನ ಮಧ್ಯಾಹ್ನ 12ಕ್ಕೆ ಅದರ ನೆರಳನ್ನು ದಾಖಲಿಸಲಿ.

1. ತೆಳು ಬಿಳಿ ಪರದೆಯಿದ್ದೂ ನೆರಳು ಬಿದ್ದರೆ: ಎತ್ತರದ ಸಿರೊಸ್ಟ್ರೇಟಸ್. ಸೂರ್ಯನ ಸುತ್ತ ಬಳೆ ಕಾಣುವುದು ಈ ಮೋಡದಲ್ಲಿ.
2. ನೆರಳಿಲ್ಲ, ಆದರೆ ಸೂರ್ಯನಿರುವ ಕಡೆ ಮಸುಕು ಬೆಳಕಿದ್ದರೆ: ಆಲ್ಟೊಸ್ಟ್ರೇಟಸ್. ಉಜ್ಜಿದ ಗಾಜಿನ ಹಿಂದೆ ದೀಪವಿಟ್ಟಂತೆ. ಮಳೆ ಬಂದರೂ ಸಾಮಾನ್ಯವಾಗಿ ಹಗುರ.
3. ಸೂರ್ಯ ಯಾವ ಕಡೆ ಎಂಬುದೇ ತಿಳಿಯದೆ, ಮಳೆ ಬಿಡದೆ ಸುರಿಯುತ್ತಿದ್ದರೆ: ಪದರ ದಪ್ಪಗಾಗಿ ಕೆಳಗಿಳಿದು ನಿಂಬೊಸ್ಟ್ರೇಟಸ್ ಆಗಿದೆ.
4. ನೆರಳು ಹೋಗಿ ಕೆಲವೇ ನಿಮಿಷಗಳಲ್ಲಿ ಮರಳಿದರೆ: ಬಿಡಿ ಮೋಡವೊಂದು ಅಡ್ಡ ಬಂದಿತ್ತು, ಅಷ್ಟೆ.

ಬೆಳಿಗ್ಗೆ ಈ ಪರೀಕ್ಷೆ ಬೇಡ. ನಮ್ಮ ಚಳಿಗಾಲದ ಮುಂಜಾನೆಯ ಮಂಜು ಮತ್ತು ತಗ್ಗಿನ ಮೋಡ ಹೊತ್ತೇರಿದಂತೆ ಕರಗುತ್ತವೆ. ಅವೂ ನೆರಳನ್ನು ಅಳಿಸುತ್ತವೆ. ಮೋಡವಿದ್ದರೂ ಸೂರ್ಯನನ್ನು ದಿಟ್ಟಿಸಬಾರದೆಂದು ಮೊದಲೇ ಹೇಳಿ.

ಮೌಲ್ಯಮಾಪನ

‘ಆಲ್ಟೊಸ್ಟ್ರೇಟಸ್ ಎಂದರೇನು?’ ಎಂದು ಕೇಳಿದರೆ ಬಾಯಿಪಾಠದ ಉತ್ತರ ಬರುತ್ತದೆ. ‘ಇಂದು ನೆರಳಿಲ್ಲ, ಸಂಜೆ ಬಿರುಮಳೆ ಬಂದೀತೇ, ಜಿಟಿಜಿಟಿ ಮಳೆಯೇ? ಕಾರಣ ಕೊಡು’ ಎಂದು ಕೇಳಿ. ಊಹೆ ತಪ್ಪಾದರೂ ಕಾರಣ ಸರಿಯಿದ್ದರೆ ಅಂಕ ಕೊಡಿ. ಮರುದಿನ ಕೋಷ್ಟಕದಲ್ಲಿ ಊಹೆಯ ಪಕ್ಕದಲ್ಲೇ ನಿಜವಾಗಿ ಬಂದ ಮಳೆಯನ್ನೂ ಬರೆಸಿ.