ಪೊರೆ ಹೊದಿಸುವ ಯಂತ್ರ: ಸುರುಳಿಯನ್ನು ಏರಿಸುವ ಕ್ರಮ

ಪೊರೆ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡರ್ಥಗಳುಂಟು. ನಾಮಪದವಾಗಿ ಅದು ಹಾವಿನ ಮೈಮೇಲಣ ಅಥವಾ ಕಣ್ಣಿನ ಮೇಲಣ ತೆಳುಪದರವನ್ನು ಹೇಳುತ್ತದೆ. ಕ್ರಿಯಾಪದವಾಗಿ ಕಾಪಾಡು ಎಂಬರ್ಥವನ್ನು ಕೊಡುತ್ತದೆ. ಮುದ್ರಿತವಾದ ಕಾಗದಕ್ಕೆ ಹಚ್ಚುವ ಲ್ಯಾಮಿನೇಷನ್ ಫಿಲ್ಮಿಗೆ ಈ ಎರಡೂ ಸಲ್ಲುವುದರಿಂದ ಅದನ್ನು ಪೊರೆಯೆನ್ನುವುದು ಅಸಂಗತವಾಗದು. ಲ್ಯಾಟಿನ್ ಭಾಷೆಯ ಲಾಮಿನಾ ಎಂಬುದು ತೆಳುತಗಡು ಮಾತ್ರ. ಕಾಪಾಡುವ ಭಾವ ಅದರಲ್ಲಿಲ್ಲ.

ಬೆಂಗಳೂರಿನ ಪಶ್ಚಿಮಭಾಗದಲ್ಲಿ, ರಾಜಾಜಿನಗರದ ಕೈಗಾರಿಕಾ ಬಡಾವಣೆ, ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯ ಮೊದಲಾದೆಡೆಗಳಲ್ಲಿ ಮುದ್ರಣದ ಕಸುಬು ವಿಶೇಷವಾಗಿ ಬೇರೂರಿದೆ. ಅಂತಹ ಕಾರ್ಖಾನೆಗಳಲ್ಲಿ ಪುಸ್ತಕದ ರಕ್ಷಾಪತ್ರಕ್ಕೂ ರಟ್ಟಿನ ಪೆಟ್ಟಿಗೆಗೂ ಹೊಳಪು ಬರುವುದು ಈ ಪೊರೆಯಿಂದ. ಯಂತ್ರದ ರಚನೆ ಸರಳವಾದುದು. ಸುಮಾರು ೧೦೦ರಿಂದ ೧೨೦ ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾಯುವ ಉಕ್ಕಿನ ರೋಲರೊಂದು, ಅದನ್ನು ಒತ್ತಿ ತಿರುಗುವ ರಬ್ಬರಿನ ರೋಲರೊಂದು. ಇವೆರಡರ ನಡುವೆ ಕಾಗದವೂ ಪೊರೆಯೂ ಒಟ್ಟಿಗೆ ಹಾಯುತ್ತವೆ. ಪೊರೆಯ ಮೈ ಪಾಲಿಪ್ರೊಪಿಲೀನಿನದು. ಅದರ ಒಂದು ಮಗ್ಗುಲಲ್ಲಿ ಮಾತ್ರ ಶಾಖಕ್ಕೆ ಕರಗುವ ಅಂಟಿನ ಲೇಪವಿರುತ್ತದೆ.

ಸಮಸ್ತ ಅನರ್ಥಕ್ಕೂ ಮೂಲವು ಈ ಮಗ್ಗುಲಿನ ವಿಪರ್ಯಾಸವೇ. ಅಂಟಿನ ಮಗ್ಗುಲು ಕಾಗದವನ್ನೂ ಬರಿಯ ಮಗ್ಗುಲು ಬಿಸಿರೋಲರನ್ನೂ ನೋಡಬೇಕು. ಹೊಳಪುಳ್ಳದ್ದು ಹೊರಮೈ, ಮಂಕಾದುದು ಅಂಟು ಎಂಬುದು ರೂಢಿಯ ಲಕ್ಷಣ. ಆದರೆ ಮ್ಯಾಟ್ ಪೊರೆಯಲ್ಲಿ ಹೊರಮೈಯೂ ಮಂಕಾಗಿಯೇ ಇರುವುದರಿಂದ ಈ ಲಕ್ಷಣಕ್ಕೆ ಅತಿವ್ಯಾಪ್ತಿದೋಷ ಬರುತ್ತದೆ. ಸುರುಳಿ ಸುತ್ತಿದ ದಿಕ್ಕೂ ಎಲ್ಲ ತಯಾರಕರಲ್ಲಿ ಒಂದೇ ಅಲ್ಲ. ಪೊರೆಯ ತುಂಡೊಂದನ್ನು ಎರಡು ಕಾಗದಗಳ ನಡುವೆ ಇಟ್ಟು ಇಸ್ತ್ರಿಪೆಟ್ಟಿಗೆಯಿಂದ ಕಾಯಿಸಿದರೆ ಯಾವ ಕಡೆ ಹಿಡಿಯಿತೋ ಅದೇ ಅಂಟಿನ ಕಡೆ. ಈ ಪ್ರತ್ಯಕ್ಷವೇ ಬಲವತ್ತರವಾದ ಪ್ರಮಾಣ. ತಪ್ಪಿ ಏರಿಸಿದಲ್ಲಿ ಅಂಟು ಕಾದ ಉಕ್ಕಿಗೇ ಹಿಡಿದು, ಪೊರೆಯು ರೋಲರಿಗೆ ಸುತ್ತಿಕೊಳ್ಳುತ್ತದೆ. ಆಗ ಯಂತ್ರ ನಿಲ್ಲಿಸದೆ ಅದನ್ನು ಕೀಳಲು ಹೋಗುವ ಕೈಯೇ ರೋಲರುಗಳ ನಡುವೆ ಸಿಕ್ಕುವುದು. ಹಾಳಾದ ಪೊರೆಯ ಬೆಲೆ ಅಲ್ಪ, ಬೆರಳುಗಳದು ಹಾಗಲ್ಲ.

ಆದುದರಿಂದ ಸುರುಳಿಯನ್ನು ಏರಿಸುವ ಮುನ್ನ ವಿದ್ಯುತ್ತನ್ನು ಕಡಿದು, ರೋಲರುಗಳ ಒತ್ತಡವನ್ನು ಸಡಿಲಿಸಿ, ಶಾಖವು ಆರುವವರೆಗೆ ಕಾಯತಕ್ಕದ್ದು. ಭಾರವಾದ ಸುರುಳಿಯನ್ನು ಇಬ್ಬರು ಎತ್ತಿ ದಂಡಕ್ಕೆ ಪೋಣಿಸಿ, ಎರಡು ತುದಿಗಳ ಬಿಗಿಗಳನ್ನೂ ಭದ್ರಪಡಿಸಬೇಕು. ಪೊರೆಯ ಅಗಲವು ಕಾಗದದ ಅಗಲಕ್ಕಿಂತ ಕೆಲವು ಮಿಲಿಮೀಟರು ಕಡಿಮೆಯಿದ್ದು, ಕಾಗದದ ನಟ್ಟನಡುವೆ ಬರುವಂತೆ ಸರಿಸಿಡಬೇಕು. ಅಂಚು ಮೀರಿದರೆ ಹೊರಚಾಚಿದ ಅಂಟು ರಬ್ಬರಿಗೆ ಮೆತ್ತುತ್ತದೆ. ಪೊರೆಯ ತುದಿಯನ್ನು ದಪ್ಪ ರಟ್ಟಿನ ತುಂಡಿಗೆ ಅಂಟಿಸಿ, ಆ ರಟ್ಟನ್ನೇ ಮುಂದೆ ಮಾಡಿ, ಒಳಸೆಳೆಯುವ ಸಂಧಿಯಿಂದ ಕೈಯನ್ನು ದೂರವಿಟ್ಟು, ಅತಿಮಂದಗತಿಯಲ್ಲಿ ಹಾಯಿಸಬೇಕು.

೧೯೪೮ರ ಕಾರ್ಖಾನೆಗಳ ಶಾಸನವು ಚಲಿಸುವ ಯಂತ್ರಾಂಗಗಳಿಗೆ ಆವರಣವನ್ನೂ, ಚಲಿಸುತ್ತಿರುವಾಗ ಅವುಗಳನ್ನು ಪರೀಕ್ಷಿಸುವವನಿಗೆ ವಿಶೇಷ ಶಿಕ್ಷಣವನ್ನೂ ಬಿಗಿಯಾದ ಉಡುಪನ್ನೂ ವಿಧಿಸಿತು. ಉತ್ತರೀಯ, ಸೆರಗು, ಕೊರಳ ದಾರ ಇವು ಬೇರೆಡೆ ಎಷ್ಟೇ ಶೋಭಿಸಲಿ, ರೋಲರಿನ ಬಳಿ ಇರತಕ್ಕವಲ್ಲ. ಸಡಿಲವಾದ ಕೈಗವಸೂ ಅಂತೆಯೇ.

ಕೊನೆಗೆ ಉಳಿಯುವುದು ಎಳೆತ. ಸುರುಳಿಯ ತಡೆಯು ಸಡಿಲವಾಗಿದ್ದರೆ ಪೊರೆಯಲ್ಲಿ ಸುಕ್ಕು ಕಾಣುತ್ತದೆ. ಅತಿಯಾದರೆ ಹೊರಬಂದ ಕಾಗದವು ಪೊರೆಯ ಕಡೆಗೆ ಮುದುರುತ್ತದೆ. ಮೊದಲ ನಾಲ್ಕಾರು ಹಾಳೆಗಳನ್ನು ರದ್ದಿಯೆಂದೇ ಭಾವಿಸಿ ಓಡಿಸಿ, ಅವುಗಳನ್ನು ನೋಡಿ ತಡೆಯನ್ನು ತಿದ್ದಿದ ಮೇಲೆಯೇ ಅಚ್ಚಾದ ಹಾಳೆಗಳನ್ನು ಕೊಡುವುದು ಅನುಭವಿಗಳ ಪದ್ಧತಿ.