ಹರಾಜುಕುವಿನಿಂದ ಹೊರ್ಯೂಜಿಯವರೆಗೆ: ಜಪಾನಿನಲ್ಲಿ ಹಳತು ಯಾವುದು, ಹೊಸತು ಯಾವುದು?

ಟೋಕಿಯೊ ನಗರದ ಹರಾಜುಕು ರೈಲು ನಿಲ್ದಾಣದಲ್ಲಿ ಇಳಿದ ಪ್ರವಾಸಿಗನ ಮುಂದೆ ಎರಡು ದಾರಿಗಳಿವೆ. ಒಂದು ಬದಿಗೆ ಹೊರಟರೆ ತಕೇಶಿತಾ ಬೀದಿ. ಸುಮಾರು 350 ಮೀಟರ್ ಉದ್ದದ ಈ ಇಕ್ಕಟ್ಟಾದ ಓಣಿಯ ಇಕ್ಕೆಲಗಳಲ್ಲಿ ಬಣ್ಣಬಣ್ಣದ ಉಡುಪು, ಆಭರಣ, ಸಿಹಿ ತಿನಿಸುಗಳ ಅಂಗಡಿಗಳು ಕಿಕ್ಕಿರಿದಿವೆ. ಇನ್ನೊಂದು ಬದಿಗೆ ಹೊರಟರೆ ಕೆಲವೇ ನಿಮಿಷಗಳಲ್ಲಿ ಮರದ ಬೃಹತ್ ತೋರಣದ್ವಾರ, ಅದರಾಚೆ ದಟ್ಟ ಕಾಡು, ಕಾಡಿನ ನಡುವೆ ಮೇಜಿ ದೇಗುಲ.

‘ಪ್ರಾಚೀನತೆ ಮತ್ತು ಆಧುನಿಕತೆಗಳ ಸಂಗಮ’ ಎಂದು ಪ್ರವಾಸಿ ಕೈಪಿಡಿಗಳು ಜಪಾನನ್ನು ಬಣ್ಣಿಸುವುದು ಇಂಥ ದೃಶ್ಯಗಳನ್ನು ಕಂಡೇ. ಈ ಮಾತು ಸುಳ್ಳಲ್ಲವಾದರೂ ಪೂರ್ಣ ಸತ್ಯವೂ ಅಲ್ಲ. ಅನಾದಿ ಕಾಲದ್ದೆಂದು ತೋರುವ ಆ ಕಾಡು ಮನುಷ್ಯರು ನೆಟ್ಟು ಬೆಳೆಸಿದ್ದು. ಅದಕ್ಕೆ ಈಗ ನೂರು ವರ್ಷ ದಾಟಿದೆಯಷ್ಟೆ. ದೇಗುಲದ ಈಗಿನ ಮುಖ್ಯ ಕಟ್ಟಡಗಳು 1958ರಲ್ಲಿ ಎದ್ದವು. ಅತ್ತ ತೀರ ಹೊಸದೆಂದು ಜಗತ್ತು ನಂಬಿರುವ ಹರಾಜುಕುವಿನ ಬೀದಿ ಫ್ಯಾಷನ್‌ನ ಉಚ್ಛ್ರಾಯ ಕಾಲ ಮುಗಿದು ಆಗಲೇ ಇತಿಹಾಸ ಸೇರುತ್ತಿದೆ. ಜಪಾನಿನಲ್ಲಿ ಉಳಿದದ್ದು ಹೇಗೆ ಉಳಿಯಿತು, ಅಳಿದದ್ದು ಏಕೆ ಅಳಿಯಿತು ಎಂಬುದನ್ನು ಅರಿತು ನೋಡಿದರೆ ಆ ದೇಶದ ಪ್ರವಾಸ ಬರಿಯ ಛಾಯಾಚಿತ್ರಗಳ ಸಂಗ್ರಹವಾಗದೆ ಒಂದು ಪಾಠವಾಗುತ್ತದೆ.

ಬೀದಿಯೇ ವೇದಿಕೆಯಾದ ಕಾಲ

ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಬಳಿಕ ಹರಾಜುಕುವಿನ ಪಕ್ಕದಲ್ಲೇ ಅಮೆರಿಕದ ಸೇನೆ ತನ್ನ ಸಿಬ್ಬಂದಿಯ ಕುಟುಂಬಗಳಿಗಾಗಿ ವಸತಿ ಬಡಾವಣೆಯೊಂದನ್ನು ನಿರ್ಮಿಸಿತು. ಆ ಕುಟುಂಬಗಳನ್ನು ನೆಚ್ಚಿಕೊಂಡು ಪಾಶ್ಚಾತ್ಯ ವಸ್ತುಗಳ ಅಂಗಡಿಗಳು ಸುತ್ತಮುತ್ತ ಹುಟ್ಟಿಕೊಂಡವು. 1964ರ ಒಲಿಂಪಿಕ್ಸ್ ವೇಳೆ ಅದೇ ಜಾಗ ಕ್ರೀಡಾಗ್ರಾಮವಾಯಿತು. ನಂತರ ಯೊಯೊಗಿ ಉದ್ಯಾನವಾಯಿತು. 1970ರ ದಶಕದ ಆರಂಭದಲ್ಲಿ ಹೊಸ ಮಹಿಳಾ ಪತ್ರಿಕೆಗಳು ಇಲ್ಲಿನ ಪುಟ್ಟ ಉಡುಪಿನಂಗಡಿಗಳನ್ನು ದೇಶದ ಯುವತಿಯರಿಗೆ ಪರಿಚಯಿಸಿದವು.

ಆದರೆ ಹರಾಜುಕುವನ್ನು ಹರಾಜುಕುವನ್ನಾಗಿ ಮಾಡಿದ್ದು ಅಂಗಡಿಗಳಿಗಿಂತ ಹೆಚ್ಚಾಗಿ ಖಾಲಿ ರಸ್ತೆ. 1977ರಿಂದ ಭಾನುವಾರಗಳಂದು ಇಲ್ಲಿನ ಮುಖ್ಯ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿಲ್ಲಿಸಲಾಯಿತು. ಜನ ಅದನ್ನು ‘ಪಾದಚಾರಿಗಳ ಸ್ವರ್ಗ’ ಎಂದೇ ಕರೆದರು. ಕಾಸು ಕೊಡದೆ ಇಡೀ ದಿನ ಕಳೆಯಬಹುದಾದ ಆ ಬಯಲಿಗೆ ಯುವಜನರು ತಂಡತಂಡವಾಗಿ ಬಂದರು. 1980ರ ಸುಮಾರಿಗೆ ಸಡಿಲವಾದ ಗಾಢ ಬಣ್ಣದ ನಿಲುವಂಗಿ ತೊಟ್ಟು ರಸ್ತೆಯಲ್ಲಿ ಕುಣಿಯುತ್ತಿದ್ದವರಿಗೆ, ಅವರು ಬಟ್ಟೆ ಕೊಳ್ಳುತ್ತಿದ್ದ ತಕೇಶಿತಾ ಬೀದಿಯ ಅಂಗಡಿಯ ಹೆಸರಿನಿಂದ ‘ತಕೆನೊಕೊ ಬಳಗ’ ಎಂಬ ಹೆಸರು ಬಂತು. ಅವರ ನಂತರ ರಾಕ್ ಸಂಗೀತ ತಂಡಗಳು ಬಂದವು. ಯುರೋಪಿನ ಹಳೆಯ ಕಾಲದ ಗೊಂಬೆಗಳಂತೆ ಲೇಸು, ನೆರಿಗೆ, ಟೋಪಿಗಳಿಂದ ಸಿಂಗರಿಸಿಕೊಳ್ಳುವ ‘ಲೊಲಿಟಾ’ ಶೈಲಿಯ ಯುವತಿಯರೂ ಬಂದರು. ಹಲವರು ಉಡುಪನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಹಳೆಯ ಬಟ್ಟೆಯನ್ನು ಕತ್ತರಿಸಿ ಜೋಡಿಸುತ್ತಿದ್ದರು. ಸಮವಸ್ತ್ರದ ಶಾಲೆ ಮತ್ತು ಶಿಸ್ತಿನ ಕಚೇರಿಗಳ ನಾಡಿನಲ್ಲಿ ವಾರಕ್ಕೊಂದು ದಿನ ತನ್ನಿಚ್ಛೆಯಂತೆ ಕಾಣಿಸಿಕೊಳ್ಳುವ ಅವಕಾಶ ಅದಾಗಿತ್ತು.

1997ರಲ್ಲಿ ಛಾಯಾಗ್ರಾಹಕ ಶೊಯಿಚಿ ಅವೊಕಿ ಈ ಯುವಜನರ ಚಿತ್ರಗಳಿಗೆಂದೇ ‘ಫ್ರೂಟ್ಸ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಹರಾಜುಕು ಶೈಲಿ ವಿಶ್ವವಿಖ್ಯಾತವಾದದ್ದರಲ್ಲಿ ಈ ಪತ್ರಿಕೆಯ ಪಾಲು ದೊಡ್ಡದು. ವಿಪರ್ಯಾಸವೆಂದರೆ, ಶಬ್ದ, ಕಸ ಹಾಗೂ ಸಂಚಾರ ದಟ್ಟಣೆಯ ದೂರುಗಳ ನಡುವೆ ಮರುವರ್ಷವೇ, ಅಂದರೆ 1998ರಲ್ಲಿ, ಭಾನುವಾರದ ‘ಸ್ವರ್ಗ’ ಶಾಶ್ವತವಾಗಿ ಮುಚ್ಚಿತು. ಕ್ರಮೇಣ ಬಹುರಾಷ್ಟ್ರೀಯ ಕಂಪನಿಗಳ ಅಗ್ಗದ ಸಿದ್ಧ ಉಡುಪಿನ ಮಳಿಗೆಗಳು ಬಂದವು. 2017ರಲ್ಲಿ ಅವೊಕಿ ಮಾಸಪತ್ರಿಕೆಯನ್ನು ನಿಲ್ಲಿಸಿದರು. ಚಿತ್ರ ತೆಗೆಯಲು ಯೋಗ್ಯವಾದ ಶೈಲಿಯವರು ಬೀದಿಯಲ್ಲಿ ಸಾಕಷ್ಟು ಸಿಗುತ್ತಿಲ್ಲ ಎಂಬುದು ಅವರು ನೀಡಿದ ಕಾರಣ. ಲೊಲಿಟಾ ಮೊದಲಾದ ಶೈಲಿಗಳ ಅಂಗಡಿಗಳು, ಅಭಿಮಾನಿಗಳು ಇಂದಿಗೂ ಇದ್ದಾರೆ. ಆದರೆ ಬೀದಿಯನ್ನೇ ವೇದಿಕೆ ಮಾಡಿಕೊಂಡಿದ್ದ ಜನಸಮೂಹ ಚದುರಿದೆ. ಇಂದು ತಕೇಶಿತಾ ಬೀದಿಗೆ ‘ಹರಾಜುಕು’ ನೋಡಲೆಂದು ಹೋದವನಿಗೆ ಹೆಚ್ಚಾಗಿ ಎದುರಾಗುವುದು ಅದನ್ನೇ ನೋಡಲು ಬಂದ ಇತರ ಪ್ರವಾಸಿಗರು.

ನೆಟ್ಟು ಬೆಳೆಸಿದ ಕಾಡು

ಜಪಾನಿನಲ್ಲಿ ಶಿಂಟೊ ಗುಡಿಯನ್ನು ‘ಜಿಂಜ’ ಎಂದೂ ಬೌದ್ಧ ದೇವಾಲಯವನ್ನು ‘ತೆರ’ ಎಂದೂ ಕರೆಯುತ್ತಾರೆ. ಎರಡು ಕಂಬಗಳ ಮೇಲೆ ಅಡ್ಡತೊಲೆ ಇರಿಸಿದ ‘ತೋರಿಇ’ ಎಂಬ ದ್ವಾರ ಕಂಡರೆ ಅದು ಸಾಮಾನ್ಯವಾಗಿ ಶಿಂಟೊ ಗುಡಿಯ ಗುರುತು. ಹರಾಜುಕುವಿನ ಮೇಜಿ ದೇಗುಲ ಈ ಪಂಥಕ್ಕೆ ಸೇರಿದ್ದು. 1912ರಲ್ಲಿ ನಿಧನರಾದ ಚಕ್ರವರ್ತಿ ಮೇಜಿ ಹಾಗೂ ಅವರ ಪತ್ನಿ ಶೋಕೆನ್ ಅವರ ಸ್ಮರಣೆಗೆ 1920ರಲ್ಲಿ ಇದನ್ನು ಸ್ಥಾಪಿಸಲಾಯಿತು.

ಆಗ ಈ ಜಾಗದ ಬಹುಭಾಗ ಬಯಲಾಗಿತ್ತು. ದೇಶದ ಮೂಲೆಮೂಲೆಗಳಿಂದ ಜನ ಸುಮಾರು 1 ಲಕ್ಷ ಸಸಿ ಹಾಗೂ ಮರಗಳನ್ನು ಕಾಣಿಕೆಯಾಗಿ ಕಳುಹಿಸಿದರು. ಯುವಕ ಸಂಘಗಳ ಸದಸ್ಯರು ಬಂದು ನೆಟ್ಟರು. ಯೋಜನೆಯ ಹೊಣೆ ಹೊತ್ತ ಅರಣ್ಯತಜ್ಞ ಹೊಂಡಾ ಸೈರೊಕು ಹಾಗೂ ಸಂಗಡಿಗರು, ನಗರದ ಹೊಗೆಯನ್ನು ತಾಳಬಲ್ಲ ಅಗಲ ಎಲೆಯ ನಿತ್ಯಹರಿದ್ವರ್ಣ ಮರಗಳನ್ನು ಆಯ್ದರು. ದೇಗುಲಗಳಿಗೆ ದೇವದಾರು ಜಾತಿಯ ಎತ್ತರದ ಮರಗಳೇ ಶೋಭೆ ಎಂದು ಪ್ರಧಾನಿಯೇ ಪಟ್ಟು ಹಿಡಿದರೂ ತಜ್ಞರು ಬಗ್ಗಲಿಲ್ಲ. ಮನುಷ್ಯನ ಆರೈಕೆಯಿಲ್ಲದೆ ತಾನೇ ಹುಟ್ಟಿ ಬೆಳೆಯುವ ಕಾಡಾಗಲು ಸುಮಾರು 150 ವರ್ಷ ಬೇಕೆಂದು ಲೆಕ್ಕ ಹಾಕಿ, ತಾವು ಕಾಣಲಾರದ ಕಾಡಿಗೆ ಅವರು ನಕ್ಷೆ ಬರೆದರು. 1945ರ ವೈಮಾನಿಕ ದಾಳಿಯಲ್ಲಿ ದೇಗುಲ ಸುಟ್ಟುಹೋಯಿತು, ಕಾಡು ಉಳಿಯಿತು. ಜನರ ದೇಣಿಗೆಯಿಂದ 1958ರಲ್ಲಿ ದೇಗುಲ ಮತ್ತೆ ಎದ್ದಿತು.

ಟೋಕಿಯೊದ ಮತ್ತೊಂದು ಆಕರ್ಷಣೆಯಾದ ಅಸಾಕುಸಾದ ಸೆನ್ಸೋಜಿಯ ಕಥೆಯೂ ಇಂಥದ್ದೇ. ಕ್ರಿ.ಶ. 628ರಲ್ಲಿ ಸುಮಿದಾ ನದಿಯಲ್ಲಿ ಬಲೆ ಬೀಸಿದ ಇಬ್ಬರು ಬೆಸ್ತ ಸಹೋದರರಿಗೆ ಕನ್ನೊನ್, ಅಂದರೆ ನಮ್ಮ ಅವಲೋಕಿತೇಶ್ವರನ, ಮೂರ್ತಿ ದೊರೆಯಿತೆಂಬುದು ಐತಿಹ್ಯ. ಟೋಕಿಯೊದ ಅತಿ ಪ್ರಾಚೀನ ದೇವಾಲಯವೆಂಬ ಕೀರ್ತಿ ಇದರದ್ದು. ಆದರೆ 1945ರ ಮಾರ್ಚ್‌ನ ಬಾಂಬ್ ದಾಳಿಯಲ್ಲಿ ಬೂದಿಯಾದ ಮುಖ್ಯ ಮಂದಿರವನ್ನು 1958ರಲ್ಲಿ ಕಾಂಕ್ರೀಟಿನಲ್ಲಿ ಮರಳಿ ಕಟ್ಟಲಾಯಿತು. ದೊಡ್ಡ ಕೆಂಪು ಲಾಟೀನು ತೂಗುವ ‘ಸಿಡಿಲಿನ ಬಾಗಿಲು’ ಉದ್ಯಮಿ ಕೊನೊಸುಕೆ ಮತ್ಸುಶಿತಾ ಅವರ ದೇಣಿಗೆಯಿಂದ 1960ರಲ್ಲಿ ಪುನಃ ನಿರ್ಮಾಣವಾಯಿತು. ಹಾಗಾದರೆ ಇದು ಪ್ರಾಚೀನವೋ ಅಲ್ಲವೋ? ಬೆಳಗಿನ ಹೊತ್ತು ಧೂಪದ ಹೊಗೆಯನ್ನು ಮೈಗೆ ಸವರಿಕೊಂಡು ಕೈಮುಗಿಯುವ ಅಜ್ಜಿಯರಿಗೆ ಈ ಪ್ರಶ್ನೆ ಕಾಡುವಂತೆ ಕಾಣುವುದಿಲ್ಲ.

ಕ್ಯೋಟೊ: ಕಟ್ಟಡಕ್ಕಿಂತ ಕೈಕೆಲಸ

ಟೋಕಿಯೊದಿಂದ ಬುಲೆಟ್ ರೈಲಿನಲ್ಲಿ ಎರಡೂಕಾಲು ಗಂಟೆ ಪಯಣಿಸಿದರೆ ಕ್ಯೋಟೊ. 794ರಿಂದ ಸಾವಿರ ವರ್ಷಗಳಿಗೂ ಮಿಗಿಲಾಗಿ ಜಪಾನಿನ ರಾಜಧಾನಿಯಾಗಿದ್ದ ನಗರವಿದು. ಅಣುಬಾಂಬಿನ ಗುರಿಗಳ ಪಟ್ಟಿಯಲ್ಲಿದ್ದ ಈ ಊರಿನ ಹೆಸರನ್ನು ಅಮೆರಿಕದ ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಪಟ್ಟುಹಿಡಿದು ತೆಗೆಸಿದರು. ಯುದ್ಧದಿಂದ ಪಾರಾದರೂ ಬೆಂಕಿಯಿಂದ ಪಾರಾಗಲಿಲ್ಲ. ಕೊಳದಲ್ಲಿ ಪ್ರತಿಬಿಂಬಿಸುವ ಚಿನ್ನದ ಮಂಟಪ ಕಿಂಕಾಕುಜಿಗೆ 1950ರಲ್ಲಿ ಅಲ್ಲಿನ ಯುವ ಸನ್ಯಾಸಿಯೊಬ್ಬನೇ ಬೆಂಕಿಯಿಟ್ಟ. 1955ರಲ್ಲಿ ಅದನ್ನು ಮರುನಿರ್ಮಿಸಿ, 1987ರಲ್ಲಿ ಹಿಂದಿಗಿಂತ ದಪ್ಪನೆಯ ಚಿನ್ನದ ತಗಡು ಹೊದಿಸಲಾಯಿತು.

ಬೆಟ್ಟದ ಇಳಿಜಾರಿನಲ್ಲಿ ಸುಮಾರು 13 ಮೀಟರ್ ಎತ್ತರದ ಮರದ ಕಂಬಗಳ ಮೇಲೆ ಚಾಚಿ ನಿಂತ ಕಿಯೊಮಿಜು ದೇವಾಲಯದ ಜಗಲಿ 1633ರದ್ದು. ಇದರ ಛಾವಣಿಗೆ ಹೆಂಚಿಲ್ಲ. ಹಿನೊಕಿ ಎಂಬ ಮರದ ತೊಗಟೆಯ ಪದರಗಳನ್ನು ಒತ್ತೊತ್ತಾಗಿ ಹೊದಿಸಲಾಗಿದೆ. ಬದುಕಿರುವ ಮರಕ್ಕೆ ಹಾನಿಯಾಗದಂತೆ ತೊಗಟೆ ಸುಲಿಯುವುದೇ ಒಂದು ಕುಶಲ ವೃತ್ತಿ. ಹೊದಿಕೆ ಕೆಲವು ದಶಕಗಳಿಗೊಮ್ಮೆ ಸವೆಯುವುದರಿಂದ ಮತ್ತೆ ಹೊದಿಸಲೇಬೇಕು. ಇತ್ತೀಚೆಗೆ ವರ್ಷಗಟ್ಟಲೆ ಅಟ್ಟಣೆಯ ಮರೆಯಲ್ಲಿದ್ದ ಮುಖ್ಯ ಮಂದಿರದ ಛಾವಣಿ ಕೆಲಸ 2020ರಲ್ಲಿ ಮುಗಿಯಿತು. ಅದೇ ವರ್ಷ ಯುನೆಸ್ಕೊ ಜಪಾನಿನ ಸಾಂಪ್ರದಾಯಿಕ ಮರದ ಕಟ್ಟಡಗಳ ಸಂರಕ್ಷಣಾ ಕೌಶಲಗಳನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವ ದೊರೆತದ್ದು ಕಟ್ಟಡಕ್ಕಲ್ಲ, ಕಟ್ಟುವ ಕೈಗಳಿಗೆ.

ಇದರ ಪರಮಾವಧಿಯನ್ನು ಕಾಣಬೇಕಾದರೆ ಇಸೆ ಎಂಬಲ್ಲಿಗೆ ಹೋಗಬೇಕು. ಸೂರ್ಯದೇವತೆ ಅಮತೆರಾಸುವಿನ ಆ ಗುಡಿಯನ್ನು 20 ವರ್ಷಗಳಿಗೊಮ್ಮೆ ಪಕ್ಕದ ಖಾಲಿ ನಿವೇಶನದಲ್ಲಿ ಯಥಾವತ್ತಾಗಿ ಹೊಸದಾಗಿ ಕಟ್ಟಿ, ಹಳೆಯದನ್ನು ಬಿಚ್ಚುತ್ತಾರೆ. 690ರಲ್ಲಿ ಆರಂಭವಾಯಿತೆನ್ನಲಾದ ಈ ಪದ್ಧತಿ, ಅಂತರ್ಯುದ್ಧಗಳ ಕಾಲದಲ್ಲಿ ಶತಮಾನಕ್ಕೂ ಹೆಚ್ಚು ಕಾಲ ತಪ್ಪಿದರೂ ಮತ್ತೆ ಕುದುರಿಕೊಂಡಿತು. 62ನೆಯ ಮರುನಿರ್ಮಾಣ 2013ರಲ್ಲಿ ನೆರವೇರಿತು, ಮುಂದಿನದು 2033ಕ್ಕೆ. ಒಬ್ಬ ಬಡಗಿ ತಾರುಣ್ಯದಲ್ಲಿ ಕಲಿತು, ಮಧ್ಯವಯಸ್ಸಿನಲ್ಲಿ ಕಟ್ಟಿ, ಮುಪ್ಪಿನಲ್ಲಿ ಕಲಿಸಲು 20 ವರ್ಷದ ಅಂತರ ಸರಿಹೊಂದುತ್ತದೆ.

ನಾರಾ: ಭಾರತೀಯ ಭಿಕ್ಷು ತೆರೆಸಿದ ಕಣ್ಣು

ಕ್ಯೋಟೊಗೂ ಮೊದಲು ರಾಜಧಾನಿಯಾಗಿದ್ದ ನಾರಾ ಭಾರತೀಯರಿಗೆ ಇನ್ನಷ್ಟು ಆಪ್ತವಾಗಬೇಕಾದ ಊರು. ಇಲ್ಲಿನ ತೋದಾಯ್‌ಜಿ ದೇವಾಲಯದಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧನಿದ್ದಾನೆ. 752ರಲ್ಲಿ ಈ ಮೂರ್ತಿಯ ಕಣ್ಣು ಬರೆದು ಪ್ರಾಣಪ್ರತಿಷ್ಠೆ ಮಾಡಿದವನು ಬೋಧಿಸೇನ ಎಂಬ ಭಾರತೀಯ ಭಿಕ್ಷು. ಚೀನಾದ ಮೂಲಕ 736ರಲ್ಲಿ ಜಪಾನ್ ತಲುಪಿದ ಆತನನ್ನು ಅಲ್ಲಿನವರು ‘ಬ್ರಾಹ್ಮಣ ಗುರು’ ಎಂಬರ್ಥದ ಹೆಸರಿನಿಂದ ಗೌರವಿಸಿದರು. ಆತ ಹಿಡಿದ ಕುಂಚಕ್ಕೆ ಕಟ್ಟಿದ ಉದ್ದನೆಯ ದಾರವನ್ನು ನೆರೆದ ಜನ ಹಿಡಿದು ತಾವೂ ಪುಣ್ಯಕಾರ್ಯದಲ್ಲಿ ಪಾಲುಗೊಂಡರೆಂದು ಹೇಳಲಾಗುತ್ತದೆ.

ಆ ಬುದ್ಧನೂ ಇಂದು ಇಡಿಯಾಗಿ ಮೂಲದವನಲ್ಲ. 1180 ಮತ್ತು 1567ರ ಯುದ್ಧಗಳಲ್ಲಿ ಮಂದಿರ ಸುಟ್ಟಿತು, ಮೂರ್ತಿ ಕರಗಿತು. ಮೊದಲ ದುರಸ್ತಿಯ ನಂತರ 1185ರಲ್ಲಿ ಮತ್ತೆ ಕಣ್ಣು ತೆರೆಸುವಾಗ ಬೋಧಿಸೇನನ ಕುಂಚವನ್ನೇ ಭಂಡಾರದಿಂದ ತರಿಸಲಾಯಿತು. ಈಗಿನ ಮಂದಿರ 1709ರದ್ದು, ಅಗಲದಲ್ಲಿ ಮೂಲದ ಮೂರನೇ ಎರಡರಷ್ಟು. ನಿಜಕ್ಕೂ ಪ್ರಾಚೀನವಾದುದನ್ನು ಕಾಣಬಯಸುವವರು ಸಮೀಪದ ಹೊರ್ಯೂಜಿಗೆ ಹೋಗಬೇಕು. ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಮರದ ಕಟ್ಟಡಗಳು ಅಲ್ಲಿವೆ. ಸುಮಾರು 1,300 ವರ್ಷ ಹಳೆಯ ಅವು ಕೂಡ ತಲೆಮಾರುಗಳಿಂದ ಬಿಚ್ಚಿ, ಸವೆದ ಭಾಗ ಬದಲಿಸಿ, ಜೋಡಿಸುತ್ತ ಬಂದದ್ದರಿಂದಲೇ ನಿಂತಿವೆ.

ನೋಡುವವರ ಹೊರೆ

2003ರಲ್ಲಿ ಜಪಾನಿಗೆ ಭೇಟಿ ನೀಡಿದ ವಿದೇಶಿಯರು ಸುಮಾರು 52 ಲಕ್ಷ. 2024ರಲ್ಲಿ ಈ ಸಂಖ್ಯೆ 3.68 ಕೋಟಿ ದಾಟಿತು. 2021ರಲ್ಲಿ ಬೆಂಗಳೂರಿನಿಂದ ಟೋಕಿಯೊಗೆ ನೇರ ವಿಮಾನ ಸೇವೆ ಆರಂಭವಾದ ಮೇಲೆ ಕನ್ನಡಿಗರಿಗೂ ಆ ನಾಡು ಹತ್ತಿರವಾಗಿದೆ. ಆದರೆ ಕ್ಯೋಟೊದ ನಿವಾಸಿಗಳಿಗೆ ತಮ್ಮೂರಿನ ಬಸ್ಸಿನಲ್ಲಿ ತಾವೇ ಹತ್ತಲಾಗದ ಸ್ಥಿತಿ ಬಂದು, ಪ್ರವಾಸಿಗರ ಮೆಚ್ಚಿನ ಒಂದು ದಿನದ ಬಸ್ ಪಾಸನ್ನು ನಗರಾಡಳಿತ 2024ರಲ್ಲಿ ಕೈಬಿಟ್ಟಿತು. ಗಿಯೊನ್ ಬಡಾವಣೆಯಲ್ಲಿ ನೃತ್ಯ–ಸಂಗೀತದ ಕಲಾವಿದೆಯರನ್ನು ಅಟ್ಟಿಸಿಕೊಂಡು ಹೋಗಿ ಚಿತ್ರ ತೆಗೆಯುವವರ ಕಾಟ ತಾಳದೆ ಅಲ್ಲಿನ ಖಾಸಗಿ ಓಣಿಗಳಿಗೆ ಅದೇ ವರ್ಷ ಪ್ರವೇಶ ನಿಷೇಧಿಸಲಾಯಿತು; ತಪ್ಪಿದರೆ 10,000 ಯೆನ್ ದಂಡ ಎಂಬ ಫಲಕಗಳೂ ಎದ್ದವು.

ಇಲ್ಲಿ ಹರಾಜುಕುವಿನ ಅನುಭವ ನೆನಪಾಗಬೇಕು. ಸುಟ್ಟ ದೇವಾಲಯ ಮತ್ತೆ ಎದ್ದದ್ದು ಅದನ್ನು ತಮ್ಮದೆಂದು ಭಾವಿಸಿದ ಜನ ಸುತ್ತ ಇದ್ದುದರಿಂದ. ಬೀದಿ ಬಡವಾದದ್ದು ಅದನ್ನು ತುಂಬಿದ್ದ ಜನ ಬಿಟ್ಟುಹೋದದ್ದರಿಂದ. ಓಣಿಯಲ್ಲಿ ವಾಸಿಸುವವರೇ ಗುಳೆ ಹೋದರೆ ಗಿಯೊನ್‌ನಲ್ಲೂ ಉಳಿಯುವುದು ಅಂಗಡಿಗಳು ಮತ್ತು ಕ್ಯಾಮೆರಾಗಳು ಮಾತ್ರ.

ಪ್ರವಾಸಿಗರ ಗಮನಕ್ಕೆ

ಕ್ಯೋಟೊದಲ್ಲಿ ಚೆರ್ರಿ ಹೂವಿನ ಕಾಲ ಮಾರ್ಚ್ ಕೊನೆಯಿಂದ ಏಪ್ರಿಲ್ ಆರಂಭ. ಮೇಪಲ್ ಎಲೆಗಳು ಕೆಂಪಾಗುವುದು ನವೆಂಬರ್ ಉತ್ತರಾರ್ಧದಲ್ಲಿ. ಈ ಎರಡೂ ಕಾಲಗಳಲ್ಲಿ ಜನಸಂದಣಿ ವಿಪರೀತ. ಹೆಸರಾಂತ ದೇವಾಲಯಗಳನ್ನು ಮುಂಜಾನೆಯೇ ನೋಡುವುದು ಲೇಸು. ಅನೇಕ ಕಡೆ ಸಂಜೆ 5ರ ಒಳಗೇ ಬಾಗಿಲು ಹಾಕುತ್ತಾರೆ.

ಶಿಂಟೊ ಗುಡಿಯಲ್ಲಿ ಮೊದಲು ಕೈ–ಬಾಯಿ ತೊಳೆದು, ಎರಡು ಬಾರಿ ಬಾಗಿ, ಎರಡು ಬಾರಿ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ರೂಢಿ. ಬೌದ್ಧ ದೇವಾಲಯದಲ್ಲಿ ಚಪ್ಪಾಳೆ ತಟ್ಟುವಂತಿಲ್ಲ. ಮೌನವಾಗಿ ಕೈಮುಗಿದರೆ ಸಾಕು. ಗರ್ಭಗುಡಿಯ ಚಿತ್ರ ತೆಗೆಯಲು ಬಹುತೇಕ ಕಡೆ ಅನುಮತಿಯಿಲ್ಲ. ಬಾಡಿಗೆಗೆ ಕಿಮೊನೊ ತೊಡುವವರು ಎಡ ಅಂಚು ಮೇಲೆ ಬರುವಂತೆ ಧರಿಸಬೇಕು; ಬಲ ಅಂಚು ಮೇಲೆ ಬರುವಂತೆ ಉಡಿಸುವುದು ಶವಕ್ಕೆ ಮಾತ್ರ.

ಸಸ್ಯಾಹಾರಿಗಳು ಎಚ್ಚರ ವಹಿಸುವುದು ಅಗತ್ಯ. ತರಕಾರಿ ಸಾರಿನಂತೆ ಕಂಡರೂ ಅದರ ತಿಳಿಯಲ್ಲಿ ಮೀನಿನ ರಸ ಇರುವುದು ಸಾಮಾನ್ಯ. ಕ್ಯೋಟೊದ ಕೆಲವು ದೇವಾಲಯಗಳ ಆಸುಪಾಸಿನಲ್ಲಿ ದೊರೆಯುವ ‘ಶೋಜಿನ್’ ಊಟ ಬೌದ್ಧ ಸನ್ಯಾಸಿಗಳ ಶುದ್ಧ ಸಸ್ಯಾಹಾರ. ಬೀದಿಗಳಲ್ಲಿ ಕಸದ ಬುಟ್ಟಿಗಳು ಅಪರೂಪ. ತಮ್ಮ ಕಸವನ್ನು ತಾವೇ ಚೀಲದಲ್ಲಿಟ್ಟುಕೊಂಡು ಕೋಣೆಗೆ ಒಯ್ಯುವುದು ಅಲ್ಲಿನವರ ಪದ್ಧತಿ. ಅತಿಥಿಗಳೂ ಅದನ್ನು ಪಾಲಿಸಿದರೆ ಆ ಊರಿನವರ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ.