ಪ್ರತಿ ಮತ್ತು ಮೂಲ: ಹಸ್ತಪ್ರತಿ ಸೂಚಿಗಳ ಡೇಟಾಬೇಸ್ ನವೀಕರಣ

ಹಸ್ತಪ್ರತಿ ಭಂಡಾರಗಳ ವರ್ಣನಾತ್ಮಕ ಸೂಚಿಗಳು ಇಂದು ಮುದ್ರಿತ ಸಂಪುಟಗಳಲ್ಲಿ ಮಾತ್ರವಲ್ಲದೆ ಸರ್ವರ್‌ಗಳಲ್ಲಿರುವ ಡೇಟಾಬೇಸ್‌ಗಳಲ್ಲಿಯೂ ನೆಲೆಗೊಂಡಿವೆ. ಅವನ್ನು ನಡೆಸುವ ತಂತ್ರಾಂಶಕ್ಕೆ ಆಯುಷ್ಯ ಕಡಿಮೆ. ಬಹುಬಳಕೆಯಲ್ಲಿದ್ದ ಮೈಎಸ್‌ಕ್ಯೂಎಲ್‌ನ 5.7ನೆಯ ಆವೃತ್ತಿಗೆ ತಯಾರಕರ ಬೆಂಬಲವು 2023ರ ಅಕ್ಟೋಬರಿನಲ್ಲಿ ಕೊನೆಗೊಂಡಿತು. ಅಲ್ಲಿಂದ ಮುಂದೆ ನವೀಕರಣ ಅನಿವಾರ್ಯ. ನವೀಕರಣವಾದರೋ ಜೀರ್ಣವಾದ ಓಲೆಯಿಂದ ಹೊಸ ಓಲೆಗೆ ಪ್ರತಿಮಾಡುವ ಕಾರ್ಯವನ್ನೇ ಹೋಲುತ್ತದೆ. ಅದರ ಅಪಾಯಗಳನ್ನು ಅರಿಯಲು ಮೂಡಬಿದಿರೆಯ ಧವಲಾ ಪ್ರತಿಗಳ ಚರಿತ್ರೆಯನ್ನು ನೋಡುವುದು ಉಚಿತ.

ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದುಬಂದಿತ್ತು. ಗರಿಗಳು ಶಿಥಿಲವಾಗುತ್ತಿರುವುದನ್ನು ಕಂಡು ಮುಂಬಯಿಯ ಸೇಠ್ ಮಾಣಿಕಚಂದರೂ ಸೊಲ್ಲಾಪುರದ ಹೀರಾಚಂದ ನೇಮಚಂದರೂ ಮುಂದಾದ ಫಲವಾಗಿ 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಕಾರ್ಯ ಆರಂಭವಾಯಿತು. ಹೊಸ ಪ್ರತಿಗಳೂ ಮೂಲವಿದ್ದ ಊರಿನಲ್ಲಿಯೇ ಉಳಿಯಬೇಕೆಂಬುದು ಅಲ್ಲಿನ ನಿರ್ಬಂಧ. ಒಂದೇ ಬೆಂಕಿ, ಒಂದೇ ಮಳೆಗಾಲ ಎರಡನ್ನೂ ಕಬಳಿಸಬಹುದಾಗಿತ್ತು. ಲಿಪಿಕಾರರಾದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ಸಹಾರನಪುರವನ್ನು ಸೇರಿತು. ಅದರಿಂದ ನಾಗರಿಗೆ ಇಳಿಸುತ್ತಿದ್ದ ಸೀತಾರಾಮ ಶಾಸ್ತ್ರಿಗಳು ತಮಗೂ ಒಂದು ಪ್ರತಿಯನ್ನು ಇಟ್ಟುಕೊಂಡರು. ಉತ್ತರದ ಇತರ ಭಂಡಾರಗಳಿಗೆ ಹೋದ ಪ್ರತಿಗಳು ಇದರಿಂದ ಹೊರಟವು. ಆ ಗುಪ್ತಕಾರ್ಯದ ನೈತಿಕತೆ ಬೇರೆ ಚರ್ಚೆಯ ವಿಷಯ. ಗ್ರಂಥ ಹೊರಜಗತ್ತಿಗೆ ದೊರೆತದ್ದು ಅದರಿಂದಲೇ.

1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಪ್ರಕಟವಾದಾಗ ಸಂಪಾದಕರ ಕೈಯಲ್ಲಿದ್ದುದು ಇಂತಹ ಪ್ರತಿಗಳೇ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವಿರಬೇಕೆಂದು ಅರ್ಥದ ಬಲದಿಂದ ಅವರು ಊಹಿಸಿ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಪ್ರತಿಗಳಲ್ಲಿ ಅದು ಇರಲಿಲ್ಲ. ಸ್ತ್ರೀಯರ ಗುಣಸ್ಥಾನಗಳ ವಿಚಾರದಲ್ಲಿ ಈ ಒಂದು ಪದ ನಿರ್ಣಾಯಕವಾದುದರಿಂದ ತೀವ್ರ ವಾದವೆದ್ದಿತು. ಮೂಡಬಿದಿರೆಯ ಗರಿಗಳೊಡನೆ ಹೋಲಿಸಿದಾಗ ಪದ ಅಲ್ಲಿತ್ತು! ‘ಸಂಜದಾಸಂಜದ’ ಎಂಬುದರ ಬೆನ್ನಿಗೇ ಬರುವ ‘ಸಂಜದ’ವನ್ನು ಲಿಪಿಕಾರನ ಕಣ್ಣು ದಾಟಿಹೋದುದು ಸಹಜವೇ. ಇಲ್ಲಿ ಗಮನಾರ್ಹವಾದುದೆಂದರೆ, ಒಂದೇ ಪ್ರತಿಯಿಂದ ಹುಟ್ಟಿದ ಪ್ರತಿಗಳು ಎಷ್ಟಿದ್ದರೂ ಅವು ಸಾಕ್ಷಿಯಾಗಿ ಒಂದೇ.

ಡೇಟಾಬೇಸಿನ ಬ್ಯಾಕಪ್‌ಗಳಿಗೂ ಈ ಮಾತು ಸಲ್ಲುತ್ತದೆ. ದೋಷ ಹೊಕ್ಕ ಮೇಲೆ ದಿನದಿನವೂ ತೆಗೆದ ಬ್ಯಾಕಪ್‌ಗಳು ಆ ದೋಷದ ಪ್ರತಿಗಳಷ್ಟೆ. ಆದುದರಿಂದ ತಿಂಗಳುಗಟ್ಟಲೆ ಹಿಂದಿನವನ್ನೂ ಉಳಿಸಿ, ಒಂದನ್ನಾದರೂ ಬೇರೆ ಊರಿನಲ್ಲಿ ಇರಿಸಬೇಕು. ಸರ್ವರ್ ನಡೆಯುತ್ತಿರುವಾಗಲೇ ಅದರ ಕಡತಗಳನ್ನು ಸುಮ್ಮನೆ ನಕಲಿಸಿದರೆ ಅರ್ಧ ಹಳೆಯ, ಅರ್ಧ ಹೊಸ ಸ್ಥಿತಿ ದಾಖಲಾಗುವ ಸಂಭವವುಂಟು. ಮೈಎಸ್‌ಕ್ಯೂಎಲ್ 8.0ಕ್ಕೆ ಒಮ್ಮೆ ಏರಿಸಿದ ದತ್ತಾಂಶವನ್ನು 5.7 ಮರಳಿ ತೆರೆಯಲಾರದು. ಹಿಂದಿರುಗಲು ಮೊದಲೇ ತೆಗೆದ ಬ್ಯಾಕಪ್ ಒಂದೇ ದಾರಿ.

ಅಕ್ಷರಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್‌ಗಳು ಸಾಕು; ಗ್ರಂಥ ಲಿಪಿಗೂ, 2024ರಲ್ಲಿ ಯೂನಿಕೋಡ್ ಸೇರಿದ ತಿಗಳಾರಿಗೂ 4 ಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ‘ಯುಟಿಎಫ್8’ ಎಂದು ಹೆಸರಿಸಿದ ಹಳೆಯ ಬಗೆ 3ನ್ನು ಮೀರದು. ತಪ್ಪನ್ನು ತಡೆಯುವ ಕಟ್ಟುನಿಟ್ಟಿನ ವ್ಯವಸ್ಥೆ ಸಕ್ರಿಯವಾಗಿರದಿದ್ದಲ್ಲಿ, ತಿಗಳಾರಿಯ ಮೊದಲ ಅಕ್ಷರದಿಂದ ಮುಂದಿನದೆಲ್ಲ ಕತ್ತರಿಸಿಹೋಗುತ್ತದೆ. ನಮೂದುಗಳ ಸಂಖ್ಯೆಯನ್ನು ಎಣಿಸಿದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಗ್ರಂಥದ ಆದಿ ಅಂತ್ಯಗಳ ಪಾಠ ಮಾತ್ರ ಇರುವುದಿಲ್ಲ.

ಆದುದರಿಂದ ಬ್ಯಾಕಪ್ಪನ್ನು ಮೊದಲು ಬೇರೊಂದು ಯಂತ್ರದಲ್ಲಿ ಹೊಸ ಆವೃತ್ತಿಗೆ ತುಂಬಿ, ಪ್ರತಿಯೊಂದು ಲಿಪಿಯ ಕೆಲವು ನಮೂದುಗಳನ್ನಾದರೂ ಹಳೆಯದರೊಡನೆ ಅಕ್ಷರಶಃ ಓದಿ ಹೋಲಿಸಬೇಕು. ಈ ಓದನ್ನು ಯಂತ್ರ ನೋಡಿಕೊಳ್ಳುವವನಿಗಿಂತ ಲಿಪಿ ಬಲ್ಲವನೇ ಮಾಡುವುದು ಲೇಸು. ಅದು ಮುಗಿಯುವವರೆಗೆ ಹಳೆಯ ಸರ್ವರನ್ನು ಅಳಿಸಬಾರದು.